ಪಾಂಡಿತ್ಯದ ವೇಷ, ಪಾಂಡಿತ್ಯದ ಹೊಣೆ



ಸಮಾಜ ವಿಜ್ಞಾನ ಶಿಕ್ಷಕರ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಇತಿಹಾಸದ ಪಾಠವನ್ನು ನಾವು ಶುರು ಮಾಡುವ ಮೊದಲೇ ಮಕ್ಕಳು ಅದನ್ನು ಮೊಬೈಲಿನಲ್ಲಿ ನೋಡಿ ಬಂದಿರುತ್ತಾರೆ. ಆ ವಿಡಿಯೊಗಳಲ್ಲಿ ಹಲವು ಒಂದು ಸಿದ್ಧಾಂತದ ಪ್ರಚಾರಕ್ಕೆಂದೇ ತಯಾರಾದವು. ಆದರೆ ಅವು ಪ್ರಚಾರದಂತೆ ಕಾಣುವುದಿಲ್ಲ, ಪಾಠದಂತೆ ಕಾಣುತ್ತವೆ. ಇಂದಿನ ನನ್ನ ಮಾತು ಈ ವೇಷದ ಕುರಿತು.

ಅಮೆರಿಕದ ‘ಪ್ರೇಗರ್ ಯೂನಿವರ್ಸಿಟಿ’ ಇದಕ್ಕೆ ಸ್ಪಷ್ಟ ಉದಾಹರಣೆ. ರೇಡಿಯೊ ನಿರೂಪಕ ಡೆನಿಸ್ ಪ್ರೇಗರ್ ಮತ್ತು ಅಲನ್ ಎಸ್ಟ್ರಿನ್ 2009ರಲ್ಲಿ ಕಟ್ಟಿದ ಬಲಪಂಥೀಯ ಸಂಸ್ಥೆ ಇದು. ಹೆಸರಿನಲ್ಲಿ ವಿಶ್ವವಿದ್ಯಾಲಯವಿದೆ, ಪದವಿ ಕೊಡುವುದಿಲ್ಲ. ತಾನು ಮಾನ್ಯತೆ ಪಡೆದ ವಿಶ್ವವಿದ್ಯಾಲಯವಲ್ಲವೆಂದು ಸಂಸ್ಥೆಯೇ ಹೇಳಿಕೊಂಡಿದೆ. ಐದು ನಿಮಿಷದ ವಿಡಿಯೊ, ಶೀರ್ಷಿಕೆಯಲ್ಲೊಂದು ಪ್ರಶ್ನೆ, ಶಾಂತ ದನಿಯ ವಕ್ತಾರ, ಪಕ್ಕದಲ್ಲಿ ಮೂಡುವ ಅಂಕಿ ಅಂಶ, ಕೊನೆಗೆ ಖಚಿತ ಉತ್ತರ: ಇದು ಅದರ ಅಚ್ಚು. 2023ರಲ್ಲಿ ಫ್ಲೋರಿಡಾ ರಾಜ್ಯ ಈ ಸಂಸ್ಥೆಯ ಮಕ್ಕಳ ಸಾಮಗ್ರಿಯನ್ನು ಶಾಲೆಗಳಲ್ಲಿ ಬಳಸಲು ಒಪ್ಪಿತು. ಅದರ ಒಂದು ಕಾರ್ಟೂನಿನಲ್ಲಿ ಕೊಲಂಬಸ್ ಇಬ್ಬರು ಮಕ್ಕಳಿಗೆ, ಕೊಲೆಯಾಗುವುದಕ್ಕಿಂತ ಗುಲಾಮನಾಗುವುದು ಮೇಲಲ್ಲವೇ ಎಂಬ ಅರ್ಥದಲ್ಲಿ ಸಮಾಧಾನ ಹೇಳುತ್ತಾನೆ. ಗುಲಾಮನಾದವನ ಮಾತು ಆ ಪಾಠದಲ್ಲಿ ಕೇಳುವುದೇ ಇಲ್ಲ. ಬಲಪಂಥದ ಉದಾಹರಣೆ ಕೊಟ್ಟೆನೆಂದು ರೋಗ ಅಲ್ಲಿಗಷ್ಟೇ ಸೀಮಿತವೆಂದು ತಿಳಿಯಬೇಡಿ. ಈ ಅಚ್ಚಿಗೆ ಯಾವ ಪಂಥವನ್ನಾದರೂ ಸುರಿಯಬಹುದು.

ಶೈಲಿಗೆ ಇಷ್ಟು ಬಲ ಎಲ್ಲಿಂದ ಬಂತು? 1970ರಲ್ಲಿ ಅಮೆರಿಕದ ಮೂವರು ಸಂಶೋಧಕರು ಒಬ್ಬ ನಟನನ್ನು ‘ಡಾಕ್ಟರ್ ಫಾಕ್ಸ್’ ಎಂಬ ಪಂಡಿತನೆಂದು ಪರಿಚಯಿಸಿ, ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮೊದಲಾದವರ ಸಭೆಯಲ್ಲಿ ಮಾತಾಡಿಸಿದರು. ಉಪನ್ಯಾಸದಲ್ಲಿ ಬೇಕೆಂದೇ ಗೋಜಲು, ಒಂದಕ್ಕೊಂದು ಹೊಂದದ ಹೇಳಿಕೆಗಳನ್ನು ತುಂಬಿದ್ದರು. ಆದರೂ ಕೇಳಿದವರು ಹೆಚ್ಚಾಗಿ ಮೆಚ್ಚಿಕೊಂಡರು. 1973ರಲ್ಲಿ ಈ ಪ್ರಯೋಗ ಪ್ರಕಟವಾಯಿತು. ಓದಿದವರೇ ಹೀಗೆ ಮರುಳಾಗುವುದಾದರೆ ಹದಿಮೂರು ವರ್ಷದ ಮಗುವನ್ನು ದೂರುವುದು ನ್ಯಾಯವಲ್ಲ.

ಶೈಲಿಯಷ್ಟೇ ಅಲ್ಲ, ನಿಜವಾದ ಅಂಕಿಗಳೂ ದಾರಿ ತಪ್ಪಿಸಬಲ್ಲವು. ರೇಖಾನಕ್ಷೆಯೊಂದನ್ನು ನೋಡಿ. 1998ರಲ್ಲಿ ಎಲ್ ನಿನೊ ಕಾರಣದಿಂದ ಭೂಮಿ ಅಸಾಧಾರಣವಾಗಿ ಕಾದಿತ್ತು. ಆ ವರ್ಷದಿಂದಲೇ ಗೆರೆ ಎಳೆದು, ಹದಿನೈದು ವರ್ಷದಲ್ಲಿ ತಾಪಮಾನ ಏರಿಲ್ಲವೆಂದು ಬಹುಕಾಲ ಪ್ರಚಾರ ನಡೆಯಿತು. ಅಂಕಿಗಳು ಸುಳ್ಳಲ್ಲ, ಮೋಸವಿದ್ದುದು ಆರಂಭದ ವರ್ಷದ ಆಯ್ಕೆಯಲ್ಲಿ. ನೂರು ವರ್ಷದ ಗೆರೆ ಎಳೆದರೆ ಏರಿಕೆ ಕಣ್ಣಿಗೆ ರಾಚುತ್ತದೆ.

ಹಾಗಾದರೆ ನಿಜವಾದ ವಿದ್ವತ್ತಿನ ಗುರುತೇನು? ನಮ್ಮಲ್ಲೇ ಇದೆ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನದ ತಾಲ್ಲೂಕು, ಸಂಖ್ಯೆ, ಪಾಠ ಎಲ್ಲವೂ ಇವೆ. ಒಬ್ಬರು ಓದಿದ ಸಾಲನ್ನು ಇನ್ನೊಬ್ಬರು ಕಲ್ಲಿನ ಮುಂದೆ ನಿಂತು ಪರೀಕ್ಷಿಸಬಹುದು, ತಿದ್ದಬಹುದು. ತನ್ನನ್ನು ತಿದ್ದಲು ದಾರಿ ಬಿಟ್ಟುಕೊಡುವುದೇ ವಿದ್ವತ್ತು. ಪ್ರಚಾರದ ವಿಡಿಯೊ ಕದಿಯುವುದು ವಿದ್ವತ್ತಿನ ದನಿಯನ್ನು. ತಿದ್ದಿಸಿಕೊಳ್ಳುವ ಹೊಣೆಯನ್ನು ಅದು ಹೊರುವುದಿಲ್ಲ.

ಕಾನೂನು ಇಲ್ಲಿ ಹೆಚ್ಚು ನೆರವಾಗದು. ನಮ್ಮ 1956ರ ಯುಜಿಸಿ ಕಾಯ್ದೆಯ 23ನೇ ಸೆಕ್ಷನ್, ಸಿಕ್ಕಸಿಕ್ಕ ಸಂಸ್ಥೆಗಳು ‘ಯೂನಿವರ್ಸಿಟಿ’ ಎಂದು ಹೆಸರಿಟ್ಟುಕೊಳ್ಳದಂತೆ ತಡೆಯುತ್ತದೆ. ಪ್ರೊಫೆಸರರ ಧಾಟಿಯನ್ನು ಯಾವ ಸೆಕ್ಷನ್ನೂ ತಡೆಯಲಾರದು, ತಡೆಯಲೂಬಾರದು. ಕೆಲಸ ನಮ್ಮದೇ.

ದಾರಿ ಇದೆ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರ್ಯೂ 2017ರಲ್ಲಿ ಇತಿಹಾಸಕಾರರು, ವಿದ್ಯಾರ್ಥಿಗಳು ಮತ್ತು ಸುದ್ದಿಯ ಸತ್ಯಾಂಶ ಪರಿಶೀಲಿಸುವವರು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ಹೋಲಿಸಿದರು. ಮೊದಲಿನ ಎರಡು ಗುಂಪಿನವರಲ್ಲಿ ಅನೇಕರು ಪುಟದೊಳಗೇ ಉಳಿದು, ಲಾಂಛನ, ಹೆಸರುಗಳಿಗೆ ಮೋಸಹೋದರು. ಪರಿಶೀಲಕರು ಬೇಗನೆ ಆ ಪುಟ ಬಿಟ್ಟು, ಇದನ್ನು ನಡೆಸುವವರು ಯಾರೆಂದು ಬೇರೆಡೆ ಹುಡುಕಿದರು; ಬೇಗ ನಿಜ ಕಂಡುಕೊಂಡರು. ಇದು ಕಲಿಸಬಹುದಾದ ಕೌಶಲ.

ಹಾಗಾಗಿ ನನ್ನ ಕೋರಿಕೆ ಮೂರು. ತಿಂಗಳಿಗೊಂದು ಪಿರಿಯಡ್ ತೆಗೆದಿಟ್ಟು, ಒಂದು ವಿಡಿಯೊವನ್ನು ಮಕ್ಕಳೊಂದಿಗೆ ನಡುನಡುವೆ ನಿಲ್ಲಿಸುತ್ತ ನೋಡೋಣ: ಮಾತಾಡುವವರ ವಿಷಯ ಯಾವುದು, ಹಣ ಯಾರದು, ಮೂಲ ಎಲ್ಲಿದೆ, ಎದುರು ವಾದ ಯಾಕಿಲ್ಲ? ಎರಡನೆಯದು, ನಮ್ಮ ವಿಶ್ವವಿದ್ಯಾಲಯಗಳ ವಿದ್ವಾಂಸರು ತಿಳಿಗನ್ನಡದಲ್ಲಿ, ಆಧಾರ ಸಹಿತ, ವಿವಾದವಿದ್ದಲ್ಲಿ ವಿವಾದವಿದೆಯೆಂದು ಹೇಳುವ ವಿಡಿಯೊಗಳನ್ನು ಮಾಡಲಿ. ಅವರು ಖಾಲಿ ಬಿಟ್ಟ ಜಾಗದಲ್ಲೇ ಪ್ರಚಾರಕರು ಕುರ್ಚಿ ಹಾಕಿದ್ದಾರೆ. ಮೂರನೆಯದು, ಮೂಲ ನೋಡದೆ ಯಾವುದನ್ನೂ ನಾವು ಮೊಬೈಲ್ ಗುಂಪುಗಳಿಗೆ ಕಳಿಸದಿರೋಣ.

ಹೀಗೆ ಕಲಿತ ಮಕ್ಕಳು ನಾಳೆ ನಮ್ಮನ್ನೂ ಕೇಳುತ್ತಾರೆ: “ಸಾರ್, ಇದು ನಿಮಗೆ ಹೇಗೆ ಗೊತ್ತು?” ಆಗ ಗದರದೆ ಪುಸ್ತಕ ತೆರೆದು ತೋರಿಸೋಣ. ಪುಸ್ತಕದಲ್ಲಿ ಇಲ್ಲದಿದ್ದರೆ ಅವರೊಂದಿಗೆ ಕೂತು ಹುಡುಕೋಣ. ಯಾವ ವಿಡಿಯೊವೂ ಮಾಡಲಾಗದ ಕೆಲಸ ಅದು.