ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ತೂಕ

(ಬಿಡಕಿನ್‌ನಲ್ಲಿ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ರಾಷ್ಟ್ರಪತಿಯನ್ನು ಆರಿಸುವುದು ದಿಲ್ಲಿಯ ದೊಡ್ಡವರ ವ್ಯವಹಾರ, ಒಲೆಯ ಮುಂದೆ ನಿಂತವರಿಗೂ ಯಂತ್ರದ ಮುಂದೆ ನಿಂತವರಿಗೂ ಅದರಿಂದ ಏನಾಗಬೇಕು ಎಂದು ನಮ್ಮವರು ಕೇಳುವುದುಂಟು. ಇಂದು ಅದಕ್ಕೆ ಉತ್ತರ ಹೇಳಲು ಬಂದಿದ್ದೇವೆ.

ಈ ಚುನಾವಣೆಯಲ್ಲಿ ಮತ ಹಾಕುವವರು ಪಾರ್ಲಿಮೆಂಟಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. ಆದರೆ ಶಾಸಕರ ಮತವನ್ನು ಒಂದೆಂದು ಎಣಿಸುವುದಿಲ್ಲ. ತೂಕ ಕಟ್ಟಿ ಎಣಿಸುತ್ತಾರೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಆ ತೂಕ ದೊರೆಯುತ್ತದೆ. ಮಹಾರಾಷ್ಟ್ರದ 288 ಶಾಸಕರಲ್ಲಿ ಪ್ರತಿಯೊಬ್ಬರ ಮತದ ತೂಕ 175. ಕರ್ನಾಟಕದ 224 ಶಾಸಕರದು ತಲಾ 131.

ಯಾವ ಜನಸಂಖ್ಯೆ? 1971ರ ಜನಗಣತಿಯದು. ಆಗ ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ, ಗಿರಣಿಗಳಲ್ಲಿ ರಾತ್ರಿಪಾಳಿ ಮಾಡುತ್ತಿದ್ದ ನಮ್ಮ ಹಿರಿಯರ ತಲೆಯೂ ಆ 175ರಲ್ಲಿ ಸೇರಿದೆ. ಆದರೆ ಅವರಲ್ಲಿ ಎಷ್ಟೋ ಜನರ ಹೆಸರು ಊರಿನ ಮತದಾರರ ಪಟ್ಟಿಯಲ್ಲೇ ಉಳಿಯಿತು. ಚುನಾವಣೆಗೆ ಊರಿಗೆ ಹೋಗಲು ರಜೆಯಿಲ್ಲ, ಬಸ್ಸಿನ ಹಣವಿಲ್ಲ. ಹೀಗೆ ಶಾಸಕರ ಮತಕ್ಕೆ ತೂಕ ಕೊಟ್ಟವರು ಶಾಸಕರನ್ನು ಆರಿಸುವಾಗ ಹೊರಗೇ ಉಳಿದರು.

ಈ ಬಿಡಕಿನ್‌ನ ಚರಿತ್ರೆಯನ್ನೇ ನೋಡಿ. 1952ರಲ್ಲಿ ಮೊದಲ ರಾಷ್ಟ್ರಪತಿ ಚುನಾವಣೆ ನಡೆದಾಗ ಈ ಊರು ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ಬೀದರ, ಗುಲ್ಬರ್ಗ, ರಾಯಚೂರುಗಳೂ ಅದೇ ರಾಜ್ಯದಲ್ಲಿದ್ದವು. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳು ಮುಂಬಯಿ ರಾಜ್ಯದಲ್ಲಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. 1957ರ ಚುನಾವಣೆಗೆ ಆ ಕನ್ನಡ ಜಿಲ್ಲೆಗಳ ಶಾಸಕರು ಮೈಸೂರಿನವರು, ಇಲ್ಲಿಯವರು ಮುಂಬಯಿಯವರು. 1960ರಿಂದ ಈ ಊರು ಮಹಾರಾಷ್ಟ್ರದ್ದು.

ಶಾಸಕರ ಮತದಿಂದ ಏನಾಗುತ್ತದೆಂದು 1969 ತೋರಿಸಿತು. ಕಾಂಗ್ರೆಸ್ಸಿನ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಪಕ್ಷ ಬೆಂಗಳೂರಿನಲ್ಲಿ ಸೇರಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಎದುರು ನಿಂತವರು ವಿ.ವಿ. ಗಿರಿ. ರೈಲ್ವೆ ಕಾರ್ಮಿಕರನ್ನು ಸಂಘಟಿಸಿದವರು. ಬ್ಯಾಂಕ್ ನೌಕರರ ಪರವಾದ ತೀರ್ಪನ್ನು ಸರಕಾರ ತಿದ್ದಿದಾಗ, 1954ರಲ್ಲಿ, ಕಾರ್ಮಿಕ ಮಂತ್ರಿ ಪದವಿಯನ್ನೇ ಬಿಟ್ಟವರು. ಮೈಸೂರಿನ ರಾಜ್ಯಪಾಲರೂ ಆಗಿದ್ದವರು. ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಇಂದಿರಾ ಗಾಂಧಿಯವರು ಕರೆಕೊಟ್ಟರು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತವಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಎಣಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅಂತರ 14,650. ಇಂದಿನ ತೂಕದಲ್ಲಿ ಅದು ಮಹಾರಾಷ್ಟ್ರದ ಸುಮಾರು 84 ಶಾಸಕರ ಮತಕ್ಕೆ ಸಮ.

ಈ ಚುನಾವಣೆಯಲ್ಲಿ ಪಕ್ಷದ ವಿಪ್ ಇಲ್ಲ, ಮತವೂ ಗುಪ್ತ. 2007ರಲ್ಲಿ ಶಿವಸೇನೆ ತನ್ನ ಮೈತ್ರಿಕೂಟವನ್ನು ಬಿಟ್ಟು ಮಹಾರಾಷ್ಟ್ರದ ಪ್ರತಿಭಾ ಪಾಟೀಲರನ್ನು ಬೆಂಬಲಿಸಿತು. 2012ರಲ್ಲಿ ಕರ್ನಾಟಕದಲ್ಲಿ ಬಿಜೆಪಿ ಸರಕಾರವಿದ್ದರೂ ಪ್ರಣವ್ ಮುಖರ್ಜಿಯವರಿಗೆ 117 ಶಾಸಕರ ಮತ ಬಿತ್ತು, ಆ ಪಕ್ಷ ಬೆಂಬಲಿಸಿದ ಸಂಗ್ಮಾ ಅವರಿಗೆ 103. 2022ರಲ್ಲಿ ಮಹಾರಾಷ್ಟ್ರದ 181 ಶಾಸಕರು ದ್ರೌಪದಿ ಮುರ್ಮು ಅವರಿಗೆ, 98 ಮಂದಿ ಯಶವಂತ ಸಿನ್ಹಾ ಅವರಿಗೆ ಮತ ಕೊಟ್ಟರು. ಅಂದರೆ ಶಾಸಕರು ಎಂಥವರೆಂಬುದೇ ಮುಖ್ಯ. ಅವರನ್ನು ಆರಿಸುವ ಅವಕಾಶ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ.

2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೂ 1971ರ ಲೆಕ್ಕವೇ ನಡೆಯುತ್ತದೆ. ಆಮೇಲೆ ತೂಕ ಬದಲಾಗಬಹುದು. ಈ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ನಿಮ್ಮನ್ನೂ ಆಗ ಇಲ್ಲಿಯೇ ಎಣಿಸುತ್ತಾರೆ. ಎಣಿಕೆಗೆ ಸಿಕ್ಕವರು ಮತಕ್ಕೂ ಸಿಗಬೇಕು. ಹೆಸರು ಒಂದೇ ಕಡೆ ಇರಬಹುದು. ಕಾಯಂ ವಾಸ ಇಲ್ಲಿದ್ದರೆ ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಅದಕ್ಕೆ ನಮೂನೆ 8 ಇದೆ. ಹೊಸಬರಿಗೆ ನಮೂನೆ 6. ಬರೆಯಲು ಬಾರದವರಿಗೆ ಸಂಘದವರು ಬರೆದುಕೊಡುತ್ತೇವೆ. ಹೆಸರು ಬದಲಿಸಿದರೆ ಊರಿನ ಋಣ ಹರಿಯುವುದಿಲ್ಲ, ಕನ್ನಡವೂ ಹೋಗುವುದಿಲ್ಲ. ನಾಳೆ ನಿಮ್ಮ ಮನೆಬಾಡಿಗೆ, ನೀರು, ಕೂಲಿಯ ಪ್ರಶ್ನೆ ಹಿಡಿದು ಶಾಸಕರ ಬಾಗಿಲಿಗೆ ಹೋದಾಗ ಮತದಾರರೆಂದು ನಿಂತು ಮಾತಾಡಬಹುದು.