ಒಂದು ಕೆಟ್ಟರೂ ನಿಲ್ಲದ ದನಿ

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ ಆರಂಭಿಸಿದಾಗ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಅದು ವಾಲ್ವ್‌ಗಳ ಕಾಲ. ಕೊನೆಯ ಹಂತದ ವಾಲ್ವ್ ಕೆಟ್ಟರೆ ಬಾನುಲಿಯೇ ಮೂಕವಾಗುತ್ತಿತ್ತು.

ಇಂದಿನ ದೊಡ್ಡ ಎಫ್‌ಎಂ ಪ್ರೇಷಕದೊಳಗೆ ಹಲವು ಟ್ರಾನ್ಸಿಸ್ಟರ್ ಮಾಡ್ಯೂಲ್‌ಗಳು ಒಟ್ಟಾಗಿ ದುಡಿಯುತ್ತವೆ. ವಿಭಾಜಕ ಸಂಕೇತವನ್ನು ಸಮನಾಗಿ ಹಂಚುತ್ತದೆ. ಪ್ರತಿ ಮಾಡ್ಯೂಲ್ ತನ್ನ ಪಾಲನ್ನು ವರ್ಧಿಸುತ್ತದೆ. ಸಂಯೋಜಕ ಎಲ್ಲವನ್ನೂ ಕೂಡಿಸಿ, ಫಿಲ್ಟರ್ ಮೂಲಕ ಆಂಟೆನಾಕ್ಕೆ ಕಳಿಸುತ್ತದೆ.

ತಲಾ 1 ಕಿಲೋವ್ಯಾಟ್‌ನ 4 ಮಾಡ್ಯೂಲ್‌ಗಳಲ್ಲಿ ಒಂದು ಕೆಟ್ಟಿತೆನ್ನಿ. ಉಳಿಯುವುದು 3 ಕಿಲೋವ್ಯಾಟ್ ಅಲ್ಲ, ಸುಮಾರು 2.25. ಸಮತೋಲ ತಪ್ಪಿದ್ದರಿಂದ ಮಿಕ್ಕ 750 ವ್ಯಾಟ್ ಸಂಯೋಜಕದ ರೆಸಿಸ್ಟರ್‌ಗಳಲ್ಲಿ ಶಾಖವಾಗಿ ಹೋಗುತ್ತದೆ. ಆದರೂ ಪ್ರಸಾರ ನಿಲ್ಲುವುದಿಲ್ಲ.

ಚಂಡಮಾರುತದ ರಾತ್ರಿ ಕರೆಂಟು, ಫೋನು ಎರಡೂ ಹೋದಾಗ ಕರಾವಳಿಯ ಮನೆಗಳಿಗೆ ಮುನ್ಸೂಚನೆ ಮುಟ್ಟಿಸುವುದು ಬ್ಯಾಟರಿ ರೇಡಿಯೊ. ಆಗ ಬೇಕಾದುದು ಪೂರ್ಣ ಶಕ್ತಿಯಲ್ಲ, ನಿಲ್ಲದ ದನಿ.