ಸುರಕ್ಷತೆಯ ಭಾವನೆ, ರಸ್ತೆಯ ವಾಸ್ತವ



ನಾಗರಹಾವು ಕಂಡರೆ ನಾಲ್ಕು ಮಾರು ಹಿಂದೆ ಸರಿಯುವ ರೈತನು ಕೀಟನಾಶಕವನ್ನು ಬರಿಗೈಯಲ್ಲೇ ಕಲಸುತ್ತಾನೆ. ಹಾವು ಅವನ ಹತೋಟಿಯಲ್ಲಿಲ್ಲ. ಔಷಧಿಯ ಡಬ್ಬಿ ಕೈಯಲ್ಲೇ ಇದೆ. ನಗರವಾಸಿಯು ವಾಹನ ಆರಿಸಿಕೊಳ್ಳುವ ಬಗೆಯೂ ಇದಕ್ಕಿಂತ ಭಿನ್ನವಲ್ಲ. ತಾನಾಗಿ ಒಪ್ಪಿಕೊಂಡ ಅಪಾಯವು ಹೇರಲ್ಪಟ್ಟ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಿದ್ದರೂ ಮನುಷ್ಯನು ಸಹಿಸುತ್ತಾನೆಂದು ಅಮೆರಿಕದ ಚಾನ್ಸಿ ಸ್ಟಾರ್ 1969ರಲ್ಲೇ ಅಂದಾಜಿಸಿದ್ದರು.

ರೈಲು ದುರಂತವೊಂದು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತದೆ. ರಸ್ತೆಯಲ್ಲಿ ಒಬ್ಬೊಬ್ಬರಾಗಿ ಸತ್ತವರ ಸುದ್ದಿ ಪತ್ರಿಕೆಯ ಮೂಲೆ ಸೇರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ, ಅವರಲ್ಲಿ ಶೇ. 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಆದರೂ ಬಸ್ಸಿಗಿಂತ ಸ್ವಂತ ಬೈಕೇ ವಾಸಿ ಎಂಬ ನಂಬಿಕೆ ಅಲುಗಿಲ್ಲ.

ರಾಮನಗರದ ಉದಾಹರಣೆಯನ್ನು ಗಮನಿಸಬೇಕು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಸಾಗುತ್ತದೆ. ಅಗಲವಾದ, ಸಿಗ್ನಲ್ಲುಗಳಿಲ್ಲದ ರಸ್ತೆ ಸುರಕ್ಷಿತವೆಂದು ತೋರಿತು; ಆ ಭಾವನೆಯೇ ವೇಗಕ್ಕೆ ಇಂಬು ಕೊಟ್ಟಿತು. ಸಾವುಗಳ ಸಾಲು ಕಂಡ ಬಳಿಕ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧವಾಯಿತು. ಗಂಟೆಗೆ 100 ಕಿ.ಮೀ. ಮಿತಿಯನ್ನು ಪೊಲೀಸರು ಕ್ಯಾಮೆರಾ ಹಿಡಿದು ಜಾರಿಗೊಳಿಸಿದರು. ಅನಂತರ ಸಾವುಗಳು ಇಳಿದವು. ಚಾಲಕರ ಆತ್ಮವಿಶ್ವಾಸ ಮಾಡಲಾಗದ ಕೆಲಸವನ್ನು ನಿಯಮ ಮತ್ತು ದಂಡ ಮಾಡಿದವು.

ಇಲ್ಲಿ ನ್ಯಾಯದ ಪ್ರಶ್ನೆಯೂ ಇದೆ. ವೇಗವಾಗಿ ಓಡಿಸುವವನು ತನ್ನ ಅಪಾಯವನ್ನು ತಾನೇ ಆರಿಸಿಕೊಂಡಿರುತ್ತಾನೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತನಾಗಲಿ, ರಸ್ತೆ ದಾಟಿ ಹೊಲಕ್ಕೆ ಹೋಗುವ ಹೆಣ್ಣುಮಗಳಾಗಲಿ ಅದನ್ನು ಆರಿಸಿಕೊಂಡವರಲ್ಲ.

ಹಾಗೆಂದು ಬಸ್ಸು, ರೈಲು ಬಿಟ್ಟವರೆಲ್ಲರೂ ಅವಿವೇಕಿಗಳಲ್ಲ. ರಾಮನಗರ, ಚನ್ನಪಟ್ಟಣಗಳಿಗೆ ಜೋಡಿ ಹಳಿಗಳ ರೈಲುಮಾರ್ಗವಿದೆ. ಕನಕಪುರ, ಮಾಗಡಿ ಪಟ್ಟಣಗಳಿಗೆ ರೈಲೇ ಇಲ್ಲ. ರಾತ್ರಿ ಬಸ್ಸಿಳಿದು ಕತ್ತಲಲ್ಲಿ ಮನೆ ಸೇರಬೇಕಾದ ಮಹಿಳೆಯ ಭಯ ಹುಸಿಯಲ್ಲ. ಅಪಘಾತದ ಅಂಕಿಸಂಖ್ಯೆ ಅದನ್ನು ಅಳೆಯಲಾರದು. ಅಂಥವರಿಗೆ ತಿಳಿವಳಿಕೆಯ ಭಾಷಣ ಬೇಕಿಲ್ಲ. ತಂಗುದಾಣಕ್ಕೆ ದೀಪ, ಹೊತ್ತಿಗೆ ಸರಿಯಾಗಿ ಬರುವ ಕೊನೆಯ ಬಸ್ಸು, ಹೆದ್ದಾರಿ ದಾಟಲು ಮೇಲ್ಸೇತುವೆ ಬೇಕು. ರಸ್ತೆಯ ಅಗಲಕ್ಕೆ ಹಣ ಕೇಳುವ ಪ್ರತಿ ಯೋಜನೆಯಲ್ಲಿಯೂ ಇವುಗಳಿಗೆ ಎಷ್ಟು ಹಣವಿದೆ ಎಂಬುದನ್ನು ನಾಗರಿಕರು ಮೊದಲು ಕೇಳಬೇಕಾಗಿದೆ.